ಸಂಗವ್ವನ ಹೊರತು ಯಾರಿಗೂ ಪ್ರವೇಶವಿಲ್ಲ

ನಮ್ಮ ಅಡುಗೆಕೋಣೆಯಲ್ಲಿ, ಕಾಫಿಪುಡಿ ಡಬ್ಬಿಯ ಮೇಲುಗಡೆ, ಒಂದು ಮೊಳೆ ಇದೆ. ಮಹಡಿಯ ಮನೆಯ ಬಾಡಿಗೆದಾರ ಸೋಮನಾಥನ ಇನ್ನೊಂದು ಬೀಗದ ಕೈ ಅದರಲ್ಲಿ ತೂಗುತ್ತದೆ. ವಾರಕ್ಕೊಮ್ಮೆಯಾದರೂ ಅವನು ನಮ್ಮ ಬಾಗಿಲಲ್ಲಿ ನಿಂತು, "ಅಮ್ಮಾರ, ಸ್ವಲ್ಪ ಕೀಲಿ ಕೊಡ್ತೀರೇನ್ರಿ" ಎಂದು ತಲೆ ಕೆರೆದುಕೊಳ್ಳುತ್ತಾನೆ. ಅವನ ಕೀಲಿ ಒಮ್ಮೆ ಹಾಲಿನ ಬೂತಿನಲ್ಲಿ ಉಳಿದಿರುತ್ತದೆ, ಒಮ್ಮೆ ಸ್ಕೂಟರಿನ ಡಿಕ್ಕಿಯೊಳಗೆ ಬಿದ್ದಿರುತ್ತದೆ, ಒಮ್ಮೆ ಬೇರೆ ಯಾರದೋ ಸ್ಕೂಟರಿಗೆ ಸಿಕ್ಕಿಕೊಂಡಿರುತ್ತದೆ. ದೇವಸ್ಥಾನದಿಂದ ಇನ್ನೊಬ್ಬರ ಚಪ್ಪಲಿ ಹಾಕಿಕೊಂಡು ಬಂದು, ಅದನ್ನು ಹಿಂದಿರುಗಿಸಲು ಹೋಗಿ, ತನ್ನದನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬಂದ ಮನುಷ್ಯ ಅವನು.

ಇಂಥವನಿಗೆ ಒಂದು ದೊಡ್ಡ ವಿಮಾ ಕಂಪನಿಯವರು ತಮ್ಮ ಬೀಗಗಳನ್ನೆಲ್ಲ ಒಪ್ಪಿಸಿಬಿಟ್ಟಿದ್ದರು.

ಈ ವಿಷಯ ಕೊಡಿಗೇಹಳ್ಳಿಯ ನಮ್ಮ ಬೀದಿಗೆ ಗೊತ್ತಾದದ್ದು ನನ್ನ ಮೈದುನ ಬ್ಯಾಟರಾಯಪ್ಪನಿಂದ. ಅವನಿಗೆ ಒಂದು ಗೂಡ್ಸ್ ಟೆಂಪೊ ಇದೆ, ಜೊತೆಗೆ ಬೀದಿಯ ಎಲ್ಲರ ಕೆಲಸವೇನು ಎಂದು ತಿಳಿದುಕೊಳ್ಳುವ ಹಕ್ಕೂ ತನಗಿದೆ ಎಂಬ ನಂಬಿಕೆ ಇದೆ. ಒಂದು ದಿನ ಹಾಲಿನ ಬೂತಿನ ಮುಂದೆ ಅವನು ಸೋಮನಾಥನನ್ನು ಹಿಡಿದುಕೊಂಡ.

"ಅಲ್ಲಪ್ಪ, ಎಬ್ಬಾಳದ ಆಚೆಗೆ ದಿನಾ ಓಯ್ತೀಯ, ಬತ್ತೀಯ. ಅಲ್ಲಿ ಏನ್ ಮಾಡ್ತೀಯ ನೀನು?"

ಸೋಮನಾಥ ಗಂಟಲು ಸರಿಮಾಡಿಕೊಂಡ. ಅವರ ಕಂಪನಿಯಲ್ಲಿ ಮೇನ್‌ಫ್ರೇಮ್ ಎಂಬ ಬಹಳ ದೊಡ್ಡ, ಬಹಳ ಹಳೆಯ ಜಾತಿಯ ಕಂಪ್ಯೂಟರು ಇದೆ. ದೇಶದ ತುಂಬ ಇರುವ ವಿಮೆದಾರರ ಲೆಕ್ಕವೆಲ್ಲ ಅದರೊಳಗೆ. ಒಂದೊಂದು ಫೈಲಿಗೂ ಒಂದೊಂದು ರೂಲು. ಯಾರು ಅದನ್ನು ನೋಡಬಹುದು, ಯಾರು ತಿದ್ದಬಹುದು ಎಂದು ಆ ರೂಲಿನಲ್ಲಿ ಬರೆದಿರಬೇಕು. ಹೆಸರಿಲ್ಲದವನಿಗೆ ಒಳಗೆ ದಾರಿಯಿಲ್ಲ. ಅದನ್ನು ಬರೆಯುವವನು ಸೋಮನಾಥ. ನಾನು ಇದನ್ನು ಅರ್ಥ ಮಾಡಿಕೊಂಡದ್ದು ಮದುವೆಮನೆಯ ಉಗ್ರಾಣದ ಬಾಗಿಲಲ್ಲಿ ಕೂತವರನ್ನು ನೆನೆದು. ಅಡುಗೆಯವರಿಗೆ ತುಪ್ಪ, ಬೀಗರಿಗೆ ನೋಟ, ಉಳಿದವರಿಗೆ ವಾಸನೆ.

"ಚೇರ್ಮನ್ ಸಾಹೇಬ್ರು ಬಂದ್ರೂ ಅಷ್ಟರಿ," ಎಂದ ಸೋಮನಾಥ, ಹಾಲಿನ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡು. "ನಾ ಬರದ್ರ ಬಾಗಿಲ. ನಾ ಬರೀಲಿಲ್ಲಂದ್ರ ಗ್ವಾಡಿ."

ಬ್ಯಾಟರಾಯಪ್ಪ ಸ್ವಲ್ಪ ಹೊತ್ತು ಯೋಚಿಸಿದ.

"ಅಂಗಾದ್ರೆ ನೀನು ವಾಚ್‌ಮನ್ನು ಅನ್ನು."

ಸೋಮನಾಥ ಆ ಮಾತಿಗೆ ನೊಂದುಕೊಂಡು ಹಾಲಿನ ಚಿಲ್ಲರೆ ತೆಗೆದುಕೊಳ್ಳದೆ ಬಂದ. ಚಿಲ್ಲರೆಯ ಜೊತೆ ಮನೆಯ ಕೀಲಿಯೂ ಅಲ್ಲೇ ಉಳಿಯಿತು. ಅಂದಿನಿಂದ ಬೀದಿಯವರು, ಗೋಡೆಗೆ ಅವನು ಆಡಿದ ಮಾತನ್ನೇ ಹಿಡಿದು, ಅವನನ್ನು ಗ್ವಾಡಿ ಸೋಮಣ್ಣ ಎಂದು ಕರೆಯತೊಡಗಿದರು. ಆದರೆ ಅವನು ಒಳ್ಳೆಯವನು. ನಮ್ಮ ಮನೆಯ ಗ್ಯಾಸ್ ಸಿಲಿಂಡರು ಬಂದಾಗ ನಾನು ಕರೆಯುವ ಮೊದಲೇ ಮಹಡಿಯಿಂದ ಇಳಿದು ಬಂದು ಒಳಗೆ ಇಟ್ಟು ಹೋಗುತ್ತಾನೆ, ಹೋಗುವಾಗ ಮಾತ್ರ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾನೆ.

ಮಹಡಿಯ ಮನೆಯಲ್ಲಿ ಮೂವರು. ಸೋಮನಾಥ, ಅವನ ಹೆಂಡತಿ ಗಂಗಾದೇವಿ, ತಾಯಿ ಸಂಗವ್ವ. ಬಾಗಲಕೋಟೆಯ ಕಡೆಯವರು. ಸಂಗವ್ವ ನನಗಿಂತ ಸ್ವಲ್ಪ ಹಿರಿಯರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೀಗಿದ್ದರೂ ಅವರಿಗೆ ಆ ಮೇನ್‌ಫ್ರೇಮಿನೊಳಗೆ ಒಂದು ಹುದ್ದೆಯಿತ್ತು. ಅದು ಹೇಗೆಂದು ಮೊದಲು ಹೇಳಿಬಿಡಬೇಕು.

ಹೊಸ ರೂಲು ಬರೆದರೆ ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಒಂದು ಸುಳ್ಳು ಹೆಸರು ಬೇಕು. ಮೊದಲು ಆ ಹೆಸರಿಗೆ ಬಾಗಿಲು ತೆರೆದು ನೋಡಿ, ಆಮೇಲೆ ನಿಜವಾದವರ ಹೆಸರು ಬರೆಯುವುದು ಸೋಮನಾಥನ ಪದ್ಧತಿ. ಆ ಹಳೆಯ ಕಂಪ್ಯೂಟರಿಗೆ ಹೆಸರೆಂದರೆ ಇಂಗ್ಲಿಷಿನ ಎಂಟು ಅಕ್ಷರ, ಒಂದೂ ಹೆಚ್ಚು ಹಿಡಿಸದು. ಸೋಮನಾಥ ಮೊದಲು ತೀರಿಹೋದ ತಂದೆ ಮಹಾಲಿಂಗಪ್ಪನವರ ಹೆಸರು ಹಾಕಲು ನೋಡಿದ, ಅರ್ಧಕ್ಕೇ ನಿಂತಿತು. ಹೆಂಡತಿಯ ಹೆಸರು ಹಾಕಿದ, ಕೊನೆಯ ಒಂದು ಅಕ್ಷರ ಹೊರಗೆ ಉಳಿಯಿತು. ಅವ್ವನ ಹೆಸರು ಮಾತ್ರ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಹೀಗೆ ಸಂಗವ್ವ ವಿಮಾ ಕಂಪನಿಗೆ ಸೇರಿದರು. ಈ ಸಂಗತಿ ಗೊತ್ತಾದ ದಿನದಿಂದ ಗಂಗಾದೇವಿಯ ಮನಸ್ಸಿನಲ್ಲಿ ಒಂದು ಮುಳ್ಳು. ತರಕಾರಿ ಹೆಚ್ಚುತ್ತ ನನ್ನ ಹತ್ತಿರ ಹೇಳಿಕೊಂಡಿದ್ದಳು, "ಒಂದ ಅಕ್ಷರರಿ ಅಮ್ಮಾರ. ಒಂದ ಅಕ್ಷರಕ್ಕ ನನ್ನ ಹೊರಗಿಟ್ರು."

ಈಗ ಆಯುಧಪೂಜೆಯ ದಿನಕ್ಕೆ ಬರೋಣ.

ಬೆಳಗ್ಗೆಯಿಂದಲೇ ಬೀದಿಯ ತುಂಬ ಒಡೆದ ಬೂದುಗುಂಬಳ. ಬ್ಯಾಟರಾಯಪ್ಪ ಟೆಂಪೊ ತೊಳೆದು, ಎರಡೂ ಕಡೆ ಬಾಳೆಕಂದು ಕಟ್ಟಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಒಳ್ಳೆಯ ಗಳಿಗೆಗಾಗಿ ಕಾಯುತ್ತ ಬೀಡಿ ಸೇದುತ್ತಿದ್ದ. ಮಹಡಿಯಲ್ಲಿ ಸಂಗವ್ವನವರ ಖಂಡೆಪೂಜೆ. ಅವರ ಕಡೆ ಅದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ದುಡಿಯುವ ಸಾಮಾನೆಲ್ಲ ಪೂಜೆಗೆ ಕೂಡಬೇಕು, ಮರುದಿನ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು ಮುಗಿಯುವವರೆಗೆ ಯಾರೂ ಅದನ್ನು ಮುಟ್ಟಬಾರದು. ನನ್ನನ್ನು ಪೂಜೆಗೆ ಕರೆದಿದ್ದರು. ಬಾಳೆಹಣ್ಣಿನ ಚಿಪ್ಪು ಹಿಡಿದು ನಾನು ಮೇಲೆ ಹೋದಾಗ ಮಣೆಯ ಮೇಲೆ ಕುಡುಗೋಲು, ಈಳಿಗೆಮಣೆ, ಕತ್ತರಿ, ಮಿಕ್ಸಿ, ಸೋಮನಾಥನ ಸ್ಕೂಟರಿನ ಪಾನಾ ಆಗಲೇ ವಿಭೂತಿ ಧರಿಸಿ ಕೂತಿದ್ದವು. ಒಂದು ಜಾಗ ಖಾಲಿ ಇತ್ತು. ಅದು ಲ್ಯಾಪ್‌ಟಾಪಿನ ಜಾಗ.

ಲ್ಯಾಪ್‌ಟಾಪು ಸೋಮನಾಥನ ತೊಡೆಯ ಮೇಲಿತ್ತು. ಕಿವಿಯಲ್ಲಿ ಫೋನು. ಆ ಕಡೆಯಿಂದ ಅವನ ಮ್ಯಾನೇಜರ್ ವಿಜಯಕುಮಾರ್ ಮಾತಾಡುತ್ತಿದ್ದರು. ಅವರ ದನಿ ದೊಡ್ಡದು, ನಾವು ಕೇಳದೆ ಇರುವ ಹಾಗಿರಲಿಲ್ಲ.

"ಸೋಮನಾಥ್, ಡೆತ್ ಕ್ಲೇಮ್ ಫೈಲ್ ಇದೆಯಲ್ಲ, ಅದಕ್ಕೆ ಒಬ್ರು ಹೊರಗಿನೋರ ಹೆಸರು ಸೇರಿಸ್ಬೇಕು. ನಮ್ಗೆ ಬೇಕಾದೋರು. ಎರಡು ದಿನ ಅಷ್ಟೇ ಕಣ್ರೀ."

"ಸರ, ಮೇಲ್ ಬರಬೇಕಲ್ರಿ."

"ಹಬ್ಬದ ದಿನ ಮೇಲ್ ಯಾರ್ ಬರೀತಾರ್ರೀ? ಮೊದ್ಲು ಸೇರಿಸಿ, ಆಮೇಲೆ ಕಳಿಸ್ತೀನಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ."

ಸೋಮನಾಥ ಇಡೀ ಜನ್ಮದಲ್ಲಿ ಯಾರಿಗೂ ಆಗುವುದಿಲ್ಲ ಎಂದವನಲ್ಲ. "ಆಯ್ತ್ರಿ ಸರ" ಎಂದ. ಎಂದ ಮೇಲೆ ಮುಖ ಸಣ್ಣದಾಯಿತು. ತನ್ನ ಪದ್ಧತಿಯಂತೆ ಮೊದಲು ಅವ್ವನ ಹೆಸರಿನಲ್ಲಿ ಒಂದು ಸಾಲು ಬರೆದ. ಅಷ್ಟರಲ್ಲಿ ಅವ್ವ ಮಂಗಳಾರತಿಯ ತಟ್ಟೆ ಹಿಡಿದು ಎದುರಿಗೆ ನಿಂತರು.

"ಹೊತ್ತ ಮೀರಾಕತ್ತೈತಿ. ತಾ ಅದನ್ನ."

"ಒಂದ ನಿಮಿಷ ಬೇ."

"ಕುಡುಗೋಲ ಕುಂತೈತಿ, ಪಾನಾ ಕುಂತೈತಿ. ನಿಂದೊಂದಕ್ಕ ಎಲ್ಲಾರೂ ಕಾಯಬೇಕನು?"

ಗಾಬರಿಯಲ್ಲಿ ಸೋಮನಾಥ ಒಂದು ಗುಂಡಿ ಒತ್ತಿದ. ಸಂಗವ್ವ ಲ್ಯಾಪ್‌ಟಾಪನ್ನು ಮುಚ್ಚಿ, ಎತ್ತಿಕೊಂಡು ಹೋಗಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದರು. ಮೇಲೆ ಒಂದು ಖಣದ ಬಟ್ಟೆಯನ್ನೂ ಹೊದಿಸಿದರು. ಆರತಿಯಾಯಿತು. ನಾವೆಲ್ಲ ಕೈಮುಗಿದೆವು.

ಆ ಗುಂಡಿಯಿಂದ ಆದದ್ದೇನೆಂದು ಸೋಮನಾಥನಿಗೆ ಹೊಳೆದದ್ದು ತೀರ್ಥ ಕುಡಿಯುವಾಗ. ಆ ಕಂಪ್ಯೂಟರಿನಲ್ಲಿ ಹೊಸ ರೂಲನ್ನು ಉಳಿಸಿದರೆ ಅದು ಹಳೆಯದರ ಕೆಳಗೆ ಹೋಗಿ ಸೇರುವುದಿಲ್ಲ. ಹಳೆಯದನ್ನು ಪೂರ್ತಿ ಎಬ್ಬಿಸಿ, ಅದರ ಜಾಗದಲ್ಲಿ ತಾನು ಕೂರುತ್ತದೆ. ಹಳೆಯ ಸಾಲುಗಳನ್ನೆಲ್ಲ ಮೊದಲು ಎದುರಿಗೆ ತಂದುಕೊಂಡು, ಅವುಗಳ ಜೊತೆಗೆ ಹೊಸದನ್ನು ಸೇರಿಸಿ ಉಳಿಸಬೇಕು. ಸೋಮನಾಥ ತಂದುಕೊಂಡಿರಲಿಲ್ಲ. ಉಳಿಸಿದ್ದು ಒಂದೇ ಸಾಲು.

ದೇಶದಲ್ಲಿ ಆ ಫೈಲನ್ನು ತೆರೆಯುವ, ನೋಡುವ, ತಿದ್ದುವ ಅಧಿಕಾರ ಈಗ ಒಬ್ಬರಿಗೆ ಮಾತ್ರ ಇತ್ತು. ಅವರು ಆ ಹೊತ್ತಿನಲ್ಲಿ ಕೊಬ್ಬರಿ ತುರಿಯುತ್ತಿದ್ದರು.

"ಅವ್ವಾ, ಲ್ಯಾಪ್‌ಟಾಪ್ ಒಂದು ಸಲ ಕೊಡ ಬೇ," ಎಂದ ಸೋಮನಾಥ, ಪೂರ್ತಿ ಬಿಳುಚಿಕೊಂಡು.

"ಬನ್ನಿ ಮುಡಿದ ಮ್ಯಾಲೆ."

"ಅದು ನಾಳೆ ಸಂಜೀಕ ಬೇ."

"ಹೌದು. ನಾಳೆ ಸಂಜೀಕ."

ಮೊದಲ ಫೋನು ಬಂತು. ಹಬ್ಬದ ದಿನ ಆಫೀಸಿನಲ್ಲಿದ್ದವನು ಫರ್ಹಾನ್ ಒಬ್ಬನೇ. ದಸರೆಗೆ ಸೋಮನಾಥನ ಪಾಳಿಯನ್ನು ಫರ್ಹಾನ್ ಮಾಡುತ್ತಾನೆ, ರಂಜಾನಿಗೆ ಫರ್ಹಾನನದನ್ನು ಸೋಮನಾಥ ಮಾಡುತ್ತಾನೆ. ಹೀಗೆಂದು ಅವರಿಬ್ಬರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

"ಸೋಮಣ್ಣ, ಹಬ್ಬದ ಊಟ ಆಯ್ತಾ? ಏನಿಲ್ಲ, ಒಂದು ಸಣ್ಣ ವಿಷಯ. ಯಾರಣ್ಣ ಈ ಸಂಗವ್ವ? ಫೈಲ್ ಅವ್ರಿಗೆ ಬಿಟ್ಟು ಯಾರಿಗೂ ಓಪನ್ ಆಗ್ತಿಲ್ಲ. ನಂಗೆ ರೂಲ್ ನೋಡೋಕೆ ಆಗುತ್ತೆ, ತಿದ್ದೋಕೆ ಆಗಲ್ಲ."

ತಿದ್ದುವ ಹಕ್ಕು ಇದ್ದ ಇನ್ನೊಬ್ಬ ಜಗನ್. ಅವನು ಹೆಂಡತಿಯೊಡನೆ ಸಿಗ್ನಲ್ ಸಿಗದ ಯಾವುದೋ ಬೆಟ್ಟ ಹತ್ತಲು ಹೋಗಿದ್ದ. ಸೋಮನಾಥನಿಗೆ ತಿದ್ದಲು ಆಗುವುದು ಅವನ ಲ್ಯಾಪ್‌ಟಾಪಿನಿಂದ ಮಾತ್ರ. ಅದು ಖಣದ ಬಟ್ಟೆಯ ಕೆಳಗೆ ನಿಂಬೆಹಣ್ಣಿನ ಪಕ್ಕದಲ್ಲಿತ್ತು. ಸಂಗವ್ವ ಅದರ ಮುಂದೆಯೇ ಚಾಪೆ ಹಾಕಿಕೊಂಡಿದ್ದರು. ಒಂದೇ ಸಮಾಧಾನವೆಂದರೆ ಕಚೇರಿಗೆ ರಜೆಯಿದ್ದುದರಿಂದ ಅಂದು ಯಾರಿಗೂ ಹಣ ಹೋಗಬೇಕಾಗಿರಲಿಲ್ಲ, ಯಾರದೂ ನಿಲ್ಲಲೂ ಇಲ್ಲ.

ಎರಡನೆಯ ಫೋನಿನಲ್ಲಿ ಫರ್ಹಾನನ ದನಿ ತಗ್ಗಿತ್ತು. "ಅಣ್ಣ, ವಿಜಯಕುಮಾರ್ ಸರ್ ಕೇಳ್ತಿದಾರೆ, ಸಂಗವ್ವ ಯಾವ ಗ್ರೇಡು ಅಂತ. ನಾನು ನೆಟ್‌ವರ್ಕ್ ಇಲ್ಲ ಅಂತ ಇಟ್ಬಿಟ್ಟೆ."

ಮೂರನೆಯದರ ಹೊತ್ತಿಗೆ ವಿಷಯ ಮುಂಬಯಿಯ ಮುಖ್ಯ ಕಚೇರಿ ತಲುಪಿತ್ತು. ಚೇರ್ಮನ್ನರು ದಿನವೂ ಊಟಕ್ಕೆ ಮುಂಚೆ ಆ ಫೈಲಿನ ಅಂಕಿಅಂಶ ನೋಡುತ್ತಾರಂತೆ. ಅಂದು ಅವರಿಗೂ ಗೋಡೆ. ಚೇರ್ಮನ್ನರನ್ನೇ ಹೊರಗಿಟ್ಟು ಒಬ್ಬ ಹೆಂಗಸು ಒಳಗಿದ್ದಾರೆ ಎಂದರೆ ಅವರು ಸಾಮಾನ್ಯರಿರಲಾರರು ಎಂದು ಮುಂಬಯಿ ತೀರ್ಮಾನಿಸಿತು. ದೆಹಲಿಯಿಂದ ಗುಟ್ಟಾಗಿ ಕಳಿಸಿದ ತಪಾಸಣೆಯ ಅಧಿಕಾರಿ ಇರಬೇಕೆಂದು ಒಬ್ಬರು ಹೇಳಿದರು. ಇನ್ನೊಬ್ಬರಿಗೆ ಅವರನ್ನು ಯಾವುದೋ ಸಭೆಯಲ್ಲಿ ಕಂಡ ನೆನಪೇ ಬಂತು. ಗಂಭೀರ ಹೆಂಗಸು, ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾರೆ, ನಗುವುದೇ ಇಲ್ಲ.

"ನಾನೇನೂ ಹೇಳಿಲ್ಲ ಅಣ್ಣ," ಎಂದ ಫರ್ಹಾನ್. "ಅಲ್ಲ ಅಂತಾನೂ ಹೇಳಿಲ್ಲ."

ಮಧ್ಯಾಹ್ನ ನಮ್ಮ ಬೀದಿಗೆ ಒಂದು ಉದ್ದನೆಯ ಕಾರು ಬಂತು. ಇಳಿದವರು ವಿಜಯಕುಮಾರ್. ಕೈಯಲ್ಲಿ ಹಣ್ಣಿನ ಬುಟ್ಟಿ, ಮೈಸೂರು ಪಾಕಿನ ಡಬ್ಬ, ಒಂದು ಶಾಲು. ಕಂಪ್ಯೂಟರಿನಲ್ಲಿ ಸಂಗವ್ವನ ಹೆಸರಿನ ಮುಂದೆ ಸೋಮನಾಥ ತನ್ನ ಮನೆಯ ವಿಳಾಸವನ್ನೇ ಬರೆದಿದ್ದ. ಅಧಿಕಾರಿ ಇಲ್ಲಿ ಇಳಿದುಕೊಂಡಿದ್ದಾರೆ ಎಂದು ಅವರು ತಿಳಿದಿದ್ದರು. ಟೆಂಪೊದ ಪಕ್ಕ ಕೂತಿದ್ದ ಬ್ಯಾಟರಾಯಪ್ಪನನ್ನು ಕೇಳಿದರು.

"ಯಜಮಾನ್ರೆ, ಸಂಗವ್ವ ಮೇಡಂ ಇಲ್ಲೇ ಇರೋದಾ?"

"ಮೇಡಮ್ಮಾ? ನಮ್ ಸಂಗವ್ವನಾ? ಮಾಡಿ ಮ್ಯಾಲವ್ರೆ. ಓಳಿಗೆ ತಟ್ತಾವ್ರೆ ಓಗಿ."

ಹೋಳಿಗೆ ತಟ್ಟುವ ತಪಾಸಣಾಧಿಕಾರಿಯನ್ನು ವಿಜಯಕುಮಾರ್ ಇದುವರೆಗೆ ಕಂಡಿರಲಿಲ್ಲ. ಆದರೆ ಗುಟ್ಟಿನ ಅಧಿಕಾರಿ ಗುಟ್ಟಿಗಾಗಿ ಏನನ್ನಾದರೂ ತಟ್ಟಬಹುದು. ಅವರು ಮೆಟ್ಟಿಲ ಬಳಿ ಬೂಟು ಬಿಚ್ಚಿದರು. ಯಾರೂ ಹೇಳದೆಯೇ ಬಿಚ್ಚಿ, ಬರುವವರ ಕಾಲಿಗೆ ತೊಡಕಾಗದಂತೆ ಗೋಡೆಗೆ ಸರಿಸಿ ಇಟ್ಟರು. ಅದನ್ನು ನಾನು ಗಮನಿಸಿದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮುಂದೆ ಅವರ ಬಗ್ಗೆ ಹೇಳುವುದು ಬೇರೆ ಥರದ್ದು.

ಒಳಗೆ ಬಂದವರೇ ಸಂಗವ್ವನವರ ಮುಂದೆ ಬಗ್ಗಿ ಶಾಲು ಚಾಚಿದರು. "ನಮಸ್ಕಾರ ಮೇಡಂ. ತಾವು ಬಂದಿರೋದು ನಮ್ಗೆ ಗೊತ್ತೇ ಇರ್ಲಿಲ್ಲ."

"ನಾ ಬಂದು ಭಾಳ ದಿನ ಆತು," ಎಂದರು ಸಂಗವ್ವ, ಶಾಲನ್ನು ಬೆರಳಲ್ಲಿ ಉಜ್ಜಿ ನೋಡುತ್ತ. "ಕುಂದರ್ರಿ. ಬಿಸಿಲಾಗ ಬಂದೀರಿ. ಗಂಗೀ, ಸಾಹೇಬ್ರಿಗೆ ಮಜ್ಜಿಗಿ ತಾ."

ಸೋಮನಾಥ ಮೂಲೆಯಲ್ಲಿ ಕಪಾಟಿಗೆ ಅಂಟಿಕೊಂಡು ನಿಂತಿದ್ದ. ವಿಜಯಕುಮಾರ್ ಅವನತ್ತ ಹುಬ್ಬು ಹಾರಿಸಿದರು. ಸತ್ಯ ಹೇಳುವ ಕೆಲಸ ಗಂಗಾದೇವಿಯ ಪಾಲಿಗೆ ಬಂತು. ಮಜ್ಜಿಗೆಯ ಲೋಟ ಕೊಡುತ್ತ ಅವಳು ಹೇಳಿದಳು, "ಇವರು ನಮ್ಮತ್ತಿ ಅದಾರ್ರಿ ಸರ. ಹೆಸರು ಎಂಟಕ್ಷರದಾಗ ಹಿಡಿಸ್ತಂತ ಇವರದ ಹಾಕಿದ್ರು. ನಂದು ಒಂಬತ್ತರಿ."

ವಿಜಯಕುಮಾರ್ ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಬುಟ್ಟಿ, ಡಬ್ಬ, ಶಾಲುಗಳನ್ನು ಒಂದು ಸಲ ನೋಡಿದರು. ವಾಪಸು ಕೇಳುವ ಹಾಗಿರಲಿಲ್ಲ.

"ಸೋಮನಾಥ್. ಲ್ಯಾಪ್‌ಟಾಪ್ ತಗೊಳ್ರಿ."

ಸೋಮನಾಥ ಪೂಜೆಯ ಮಣೆಯತ್ತ ಬೆರಳು ತೋರಿಸಿದ.

"ಅಮ್ಮ, ಒಂದೇ ನಿಮಿಷದ ಕೆಲ್ಸ," ಎಂದರು ವಿಜಯಕುಮಾರ್.

"ಪೂಜಿಗೆ ಕುಂತದ್ದನ್ನ ಎಬ್ಬಸಾಕ ಬರಂಗಿಲ್ಲರಿ."

"ಹೋಗ್ಲಿ, ಪಾಸ್‌ವರ್ಡ್ ಹೇಳಿ. ನಿಮ್ಮ ಹೆಸರಿಂದೇ ಆಫೀಸಲ್ಲಿ ತೆಗೀತೀವಿ."

"ಅದೇನಂತ ನನಗ ಗೊತ್ತಿಲ್ಲ. ಗೊತ್ತಿದ್ರೂ ಹೇಳತಿರಲಿಲ್ಲ."

ವಿಜಯಕುಮಾರ್ ಸೋಮನಾಥನ ಕಡೆ ತಿರುಗಿದರು. ಪಾಸ್‌ವರ್ಡನ್ನು ಅವನು ಮರೆತಿದ್ದ. ಇದು ನಾಟಕವಲ್ಲ ಎಂಬುದಕ್ಕೆ ನಮ್ಮ ಅಡುಗೆಕೋಣೆಯ ಮೊಳೆಯೇ ಸಾಕ್ಷಿ.

ಆಗ ಸಂಗವ್ವ ಕೊಬ್ಬರಿಯ ತಟ್ಟೆ ಪಕ್ಕಕ್ಕೆ ಸರಿಸಿ ಮಗನನ್ನು ಕೇಳಿದರು. "ಅದರಾಗ ಅಂಥಾದ್ದೇನೈತೋ, ಇಷ್ಟ ಒದ್ದಾಡಾಕತ್ತಾರ?"

"ಯಜಮಾನ ಸತ್ತ ಮನಿಗಳದು ಬೇ. ಅವರ ಹೆಸರು, ವಿಳಾಸ, ಫೋನ್ ನಂಬರು. ಯಾರಿಗೆ ಎಷ್ಟು ರೊಕ್ಕ ಬರೂದೈತಿ ಅನ್ನೂದು."

"ಅದನ್ನ ಯಾರಿಗೆ ಕೊಡಂತಾರ ಇವರು?"

ಸೋಮನಾಥ ತಲೆ ತಗ್ಗಿಸಿದ. "ಹೊರಗಿನವರಿಗೆ ಬೇ. ಮುಂಜಾನೆ ನಾ ಆಯ್ತ್ರಿ ಅಂದೆ."

ಸಂಗವ್ವನವರ ದನಿ ಏರಲಿಲ್ಲ.

"ನಿಮ್ಮಪ್ಪ ಹೋದಾಗ ದಿನಕರ್ಮ ಇನ್ನೂ ಮುಗಿದಿರಲಿಲ್ಲ. ಟೈ ಕಟಗೊಂಡು ಒಬ್ಬಾಂವ ಬಂದ. ನಮ್ಮ ಸ್ಕೀಮಿನ್ಯಾಗ ಇಡ್ರಿ, ಎರಡು ಪಟ್ಟ ಆಗತೈತಿ ಅಂದ. ನನಗ ಬರೂ ರೊಕ್ಕ ಎಷ್ಟಂತ ನನಗ ಗೊತ್ತಿರಲಿಲ್ಲ. ಅಂವಗ ಗೊತ್ತಿತ್ತು." ಅವರು ವಿಜಯಕುಮಾರರನ್ನು ನೇರವಾಗಿ ನೋಡಿದರು. "ಅಂವಗ ಹೆಂಗ ಗೊತ್ತಾತು ಅಂತ ಇಷ್ಟು ವರ್ಷ ವಿಚಾರ ಮಾಡಿದ್ನಿ. ಇವತ್ತ ತಿಳೀತು. ಬಾಗಿಲಾ ನನ್ನ ಹೆಸರ್ಲೆ ಐತೆಲ್ರಿ ಸಾಹೇಬ್ರ? ನಾ ತಗಿಯಂಗಿಲ್ಲ."

ವಿಜಯಕುಮಾರರ ಕಿವಿ ಕೆಂಪಾಯಿತು. ಅವರು ಸಂಗವ್ವನವರನ್ನು ಬಿಟ್ಟು ಸೋಮನಾಥನನ್ನು ಹಿಡಿದರು.

"ನೋಡ್ರೀ, ನಿಮ್ಮನೆ ಕತೆ ನಂಗೆ ಬೇಡ. ಹಳೇ ರೂಲ್ ವಾಪಸ್ ಹಾಕಿ, ಅದ್ರ ಜೊತೆ ನಾನು ಹೇಳಿದ ಹೆಸರೂ ಹಾಕಿ. ಚೇರ್ಮನ್‌ಗೆ ಏನೋ ಕಂಪ್ಯೂಟರ್ ತೊಂದ್ರೆ ಅಂತೀನಿ. ಇಲ್ವಾ, ತಪ್ಪು ನಿಮ್ದೇ. ಎಲ್ಲಾ ನಿಮ್ಮ ತಲೆ ಮೇಲೇ ಹಾಕ್ತೀನಿ. ನಾಳಿದ್ದಿಂದ ನೀವು ಕೆಲಸಕ್ಕೆ ಬರೋದೂ ಬೇಡ."

ನಾವೆಲ್ಲ ಸೋಮನಾಥನನ್ನು ನೋಡಿದೆವು. ಅವನು "ಆಯ್ತ್ರಿ ಸರ" ಎನ್ನಲು ಬಾಯಿ ತೆರೆದ. ಗಂಗಾದೇವಿ ಸೆರಗಿನ ತುದಿ ಹಿಡಿದುಕೊಂಡಳು. ಬಾಯಿ ಹಾಗೇ ತೆರೆದಿತ್ತು, ಮಾತು ಮಾತ್ರ ಬೇರೆ ಬಂತು.

"ಹಳೇದು ಹಾಕ್ತೀನ್ರಿ ಸರ. ಅದು ನನ್ನ ತಪ್ಪು, ನಾನ ಸರಿ ಮಾಡ್ತೀನಿ, ನಾಳೆ ಬನ್ನಿ ಮುಡಿದ ಮ್ಯಾಲೆ. ಹೊಸಾ ಹೆಸರು ಬೇಕಂದ್ರ ಬರದು ಕೊಡ್ರಿ. ಯಾರಿಗೆ, ಯಾಕ, ಅಂತ ಬರದು ಕೆಳಗ ನಿಮ್ಮ ಹೆಸರು ಹಾಕ್ರಿ."

"ಬರೆಯೋ ಹಾಗಿದ್ರೆ ನಿಮ್ಮನ್ನ ಯಾಕ್ರೀ ಕೇಳ್ತಿದ್ದೆ?"

"ಹಂಗಂದ್ರ ಗ್ವಾಡಿ ಸರ," ಎಂದ ಸೋಮನಾಥ. ಅವನು ಕಪಾಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಕಪಾಟಿನೊಳಗಿನ ಸ್ಟೀಲಿನ ತಟ್ಟೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. "ನಾ ಬರೀಲಿಲ್ಲಂದ್ರ ಗ್ವಾಡಿ."

ವಿಜಯಕುಮಾರ್ ದಡಬಡನೆ ಕೆಳಗಿಳಿದರು. ನಾನು ಮೆಟ್ಟಿಲ ಮೇಲಿನಿಂದ ನೋಡುತ್ತಿದ್ದೆ. ಅವರ ಕಾರಿನ ಹಿಂದೆ, ಬಾಲಕ್ಕೆ ಬಾಲ ತಾಗುವಂತೆ, ಬಾಳೆಕಂದು ಕಟ್ಟಿದ ಟೆಂಪೊ ಬಂದು ನಿಂತಿತ್ತು. ಬೀದಿಯ ಇನ್ನೊಂದು ತುದಿ ಮೊದಲಿನಿಂದಲೂ ಮುಚ್ಚಿದ್ದು. ಮೇಲಿನ ಮಾತೆಲ್ಲ ಕಿಟಕಿಯಿಂದ ಕೆಳಗೆ ಕೇಳಿಸಿತ್ತು ಎಂದು ಹೇಳಬೇಕಾಗಿಲ್ಲ.

"ಯಜಮಾನ್ರೆ, ಗಾಡಿ ತೆಗೀರಿ."

"ಎಂಗ್ ತೆಗೀಲಿ ಸಾಮಿ? ಪೂಜೆ ಆಗೈತೆ. ಚಕ್ರದ ಕೆಳಗೆ ನಿಂಬೆಅಣ್ಣು ಐತೆ."

"ಈಗ ತಾನೇ ಅಲ್ಲಿಂದ ಇಲ್ಲಿಗೆ ತಂದ್ರಲ್ಲ?"

"ಅದು ನೀವು ಕೆಳಗಿಳಿಯೋಕ್ ಮುಂಚೆ ಇದ್ದ ಗಳಿಗೆ. ಈವಾಗ ರಾವುಕಾಲ." ಬ್ಯಾಟರಾಯಪ್ಪ ಹೊಸ ಬೀಡಿ ಹಚ್ಚಿದ. "ಅಲ್ದೆ ಈ ವರ್ಷದಿಂದ ನಾನೂ ಸಂಗವ್ವನ ಕಡೇ ಪದ್ಧತಿ ಇಡಕೊಂಡಿವ್ನಿ. ಬನ್ನಿ ಕೊಡೋಗಂಟ ಅಲ್ಲಾಡ್ಸಂಗಿಲ್ಲ."

ಅಷ್ಟರಲ್ಲಿ ವಿಜಯಕುಮಾರರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಸರು ನೋಡಿ ಅವರು ಬೀದಿಯಲ್ಲೇ ನೆಟ್ಟಗೆ ನಿಂತರು. ಚೇರ್ಮನ್. ಸಂಗವ್ವ ಮೇಡಂ ಸಿಕ್ಕರೇ, ಅವರೊಡನೆ ತಾವೇ ಮಾತಾಡಬೇಕು ಎಂದರಂತೆ. ಇಲ್ಲ ಎನ್ನಲಾಗದೆ ವಿಜಯಕುಮಾರ್ ಮತ್ತೆ ಮೆಟ್ಟಿಲು ಹತ್ತಿದರು. ಫೋನನ್ನು ಸ್ಪೀಕರಿಗೆ ಹಾಕಿ ಹೋಳಿಗೆಯ ಮಣೆಯ ಪಕ್ಕ ಇಟ್ಟರು.

ಚೇರ್ಮನ್ನರು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು. ಮೇಡಂ, ಫೈಲನ್ನು ಮುಚ್ಚಲು ಕಾರಣವೇನೆಂದು ತಿಳಿಯಬಹುದೇ?

ವಿಜಯಕುಮಾರ್ ಕನ್ನಡದಲ್ಲಿ ಹೇಳಿದರು, "ಅಮ್ಮ, ಹಬ್ಬ ಚೆನ್ನಾಗಾಯ್ತಾ ಅಂತ ಕೇಳ್ತಿದಾರೆ."

"ಚಲೋ ಆತು ಅಂತ ಹೇಳ್ರಿ. ಹೇಳಿ, ನಮ್ಮ ಮನಿಯವರು ಸತ್ತಾಗ ಆದದ್ದನ್ನ ಹೇಳ್ರಿ. ಸತ್ತವರ ಮನಿ ಹೆಸರು ಹೊರಗಿನವರಿಗೆ ಕೊಡಂತ ಈ ಸಾಹೇಬ್ರು ಬಾಯಿಲೆ ಹೇಳ್ಯಾರ, ಬರದು ಕೊಡಂಗಿಲ್ಲ ಅಂತಾರ, ನನ್ನ ಮಗನ ಕೆಲಸ ತಗೀತೀನಂತಾರ, ಅದನ್ನೂ ಹೇಳ್ರಿ. ಆ ಹೊರಗಿನಾಂವ ಯಾರಂತ ಚೇರ್ಮನ್ನರು ತಾವ ಕೇಳಲಿ."

ವಿಜಯಕುಮಾರ್ ಹಣೆ ಒರೆಸಿಕೊಂಡು ಫೋನಿಗೆ ಬಗ್ಗಿ, ಮೇಡಂ ಭದ್ರತೆಯ ಬಗ್ಗೆ ತುಂಬ ಕಾಳಜಿ ವ್ಯಕ್ತಪಡಿಸುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅಷ್ಟು ಉದ್ದ ಮಾತಾಡಿದ್ದು ಇಷ್ಟೇ ಆಯಿತೇ ಎಂದು ಸಂಗವ್ವ ನನ್ನ ಕಡೆ ನೋಡಿದರು. ನಾನು ಮಲ್ಲೇಶ್ವರದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ಮದುವೆಯಾಗಿ ಈ ಬೀದಿಗೆ ಬಂದ ಮೇಲೆ ಆ ಇಂಗ್ಲಿಷು ಔಷಧಿ ಬಾಟಲಿಗಳ ಮೇಲಿನ ಬರಹ ಓದುವುದಕ್ಕಷ್ಟೇ ಬಳಕೆಯಾಗುತ್ತಿತ್ತು. ಸೆರಗು ಸರಿಮಾಡಿಕೊಂಡು, ಫೋನಿನ ಹತ್ತಿರ ಕೂತುಕೊಂಡೆ.

"ಕ್ಷಮಿಸಿ," ಎಂದೆ ಇಂಗ್ಲಿಷಿನಲ್ಲಿ. "ಅವರು ಹೇಳಿದ್ದು ಇನ್ನೂ ಸ್ವಲ್ಪ ಇದೆ."

ಇನ್ನೂ ಸ್ವಲ್ಪವನ್ನು ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದೆ. ಟೈ ಕಟ್ಟಿದವನ ವಿಷಯವನ್ನೂ ಹೇಳಿದೆ, ನಾಳಿದ್ದಿನಿಂದ ಸೋಮನಾಥನಿಗೆ ಕೆಲಸವಿಲ್ಲ ಎಂದದ್ದನ್ನೂ ಹೇಳಿದೆ. ವಿಜಯಕುಮಾರ್ ನಡುವೆ ಎರಡು ಸಲ "ಆಂಟಿ" ಎಂದರು. ಸಂಗವ್ವ ಅವರ ಮುಂದೆ ಬಾಳೆಲೆ ಹಾಸಿ, "ಮೊದಲ ಉಣ್ರಿ" ಎಂದರು.

ಆಮೇಲೆ ಚೇರ್ಮನ್ನರು ಕೇಳಿದರು, ಮೇಡಂ ಅವರ ಪೂಜೆ ಮುಗಿಯುವುದು ಯಾವಾಗ? ನಾಳೆ ಸಂಜೆ ಎಂದೆ. ಹಾಗಾದರೆ ಅಲ್ಲಿಯವರೆಗೆ ಫೈಲು ಮುಚ್ಚಿಯೇ ಇರಲಿ, ತಾವೂ ನೋಡುವುದಿಲ್ಲ ಎಂದರು. ಕೊನೆಗೆ, "ವಿಜಯಕುಮಾರ್, ಆ ಹೊರಗಿನವರು ಯಾರು?" ಎಂದು ಕೇಳಿದರು.

ವಿಜಯಕುಮಾರರ ಬಾಯಲ್ಲಿ ಹೋಳಿಗೆಯಿತ್ತು. ಅದನ್ನು ಅವರು ಬಹಳ ಹೊತ್ತು ಅಗಿದರು.

ಕಾರು ಅಂದು ನಮ್ಮ ಬೀದಿಯಲ್ಲೇ ಉಳಿಯಿತು. ಅವರು ಆಟೊ ಹಿಡಿದು ಹೋದರು. ಹೊರಡುವಾಗ ಗಂಗಾದೇವಿ ಅವರ ಮನೆಗೂ ನಾಲ್ಕು ಹೋಳಿಗೆ ಕಟ್ಟಿಕೊಟ್ಟಳು. ಶಾಲನ್ನು ಮಾತ್ರ ಸಂಗವ್ವ ಹಿಂದೆ ಕೊಡಲಿಲ್ಲ.

ಮರುದಿನ ಸಂಜೆ ಯಶವಂತಪುರದ ಮಾರುಕಟ್ಟೆಯಿಂದ ಬನ್ನಿ ಎಲೆ ಬಂತು. ಕಾರು ಒಯ್ಯಲು ಬಂದಿದ್ದ ವಿಜಯಕುಮಾರರನ್ನೂ ಸಂಗವ್ವ ಮೇಲಕ್ಕೆ ಕರೆಸಿ ಅವರ ಕೈಯಲ್ಲಿ ಎಲೆ ಇಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೂಣ," ಎಂದರು. ವಿಜಯಕುಮಾರ್ ಎಲೆ ತೆಗೆದುಕೊಂಡರು, ಯಾರ ಮುಖವನ್ನೂ ನೋಡಲಿಲ್ಲ. ಅವರು ಇಳಿದು ಹೋದ ಮೇಲೆ ಖಣದ ಬಟ್ಟೆ ತೆಗೆದರು. ಸೋಮನಾಥ ವಿಭೂತಿ ಒರೆಸಿ ಲ್ಯಾಪ್‌ಟಾಪು ತೆರೆದ. ಫರ್ಹಾನ್ ಹಳೆಯ ರೂಲಿನ ಒಂದು ಪ್ರತಿಯನ್ನು ಹುಡುಕಿ ಇಟ್ಟುಕೊಂಡು ಫೋನಿನಲ್ಲಿ ಸಾಲುಸಾಲಾಗಿ ಓದಿದ. ಎಲ್ಲ ಹೆಸರುಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು. ಹೊರಗಿನವನ ಹೆಸರು ಬರಲಿಲ್ಲ. ಅದನ್ನು ಯಾರೂ ಬರೆದುಕೊಡಲೂ ಇಲ್ಲ, ಇವತ್ತಿನವರೆಗೆ.

ಸೋಮನಾಥನ ಕೆಲಸ ಉಳಿಯಿತು. ವಿಜಯಕುಮಾರ್ ಬೇರೆ ವಿಭಾಗಕ್ಕೆ ಹೋದರು. ಸೋಮನಾಥನಿಗೂ ಒಂದು ನೋಟಿಸು ಬಂತು. ಫೈಲನ್ನು ಮುಚ್ಚಿದ್ದು ಏಕೆ, ಸಂಗವ್ವ ಎಂದರೆ ಯಾರು, ಇನ್ನು ಮುಂದೆ ಆ ಹೆಸರನ್ನು ತೆಗೆದುಹಾಕಲು ಏನು ಅಡ್ಡಿ ಎಂದು ಕೇಳಿದ್ದರು. ಅವನು ಉತ್ತರ ಬರೆದು ನನಗೆ ತೋರಿಸಿದ. ಮುಚ್ಚಿದ್ದು ನನ್ನ ಗಡಿಬಿಡಿ, ಅದಕ್ಕೆ ಕ್ಷಮಿಸಿ. ತೆರೆಯದಿದ್ದುದು ಗಡಿಬಿಡಿಯಲ್ಲ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಸಂಗವ್ವ ನಮ್ಮ ಅವ್ವ. ತೆಗೆಯುವುದಿಲ್ಲ. ನಾನು ಒಂದು ಕಾಮಾ ಸರಿಮಾಡಿ ಕೊಟ್ಟೆ. ಆ ಕಡೆಯಿಂದ ಮರುಮಾತು ಬರಲಿಲ್ಲ. ಗಂಗಾದೇವಿಯ ಹೆಸರಿನ ಕೊನೆಯ ಒಂದಕ್ಷರ ಬಿಟ್ಟು ಅವಳನ್ನೂ ಸೇರಿಸಿದ್ದಾನೆಂದು ಕೇಳಿದ್ದೇನೆ.

ಬೀದಿಯವರು ಈಗಲೂ ಅವನನ್ನು ಗ್ವಾಡಿ ಸೋಮಣ್ಣ ಎನ್ನುತ್ತಾರೆ. ಹೇಳುವ ಧಾಟಿ ಮಾತ್ರ ಬೇರೆಯಾಗಿದೆ. ಅದು ಅವನಿಗೆ ತಿಳಿದಿದೆ ಎಂದು ಅವನ ನಡಿಗೆಯಲ್ಲೇ ಕಾಣುತ್ತದೆ.

ಆ ನಡಿಗೆಯಲ್ಲೇ ಮೊನ್ನೆ ಸಂಜೆ ನಮ್ಮ ಬಾಗಿಲಿಗೆ ಬಂದ. ಅತ್ತೆ ಸೊಸೆ ಇಬ್ಬರೂ ಮತ್ತಿಕೆರೆಯ ನೆಂಟರ ಮನೆಗೆ ಹೋಗಿದ್ದರು. ಅವನ ಕೀಲಿ ಎಲ್ಲಿ ಹೋಗಿತ್ತೆಂದು ಅವನಿಗೂ ಗೊತ್ತಿರಲಿಲ್ಲ.

"ಅಮ್ಮಾರ, ಸ್ವಲ್ಪ ಕೀಲಿ ಕೊಡ್ತೀರೇನ್ರಿ?"

ನಾನು ಅಡುಗೆಕೋಣೆಗೆ ಹೋದೆ. ಮೊಳೆಯಲ್ಲಿ ಕೀಲಿ ತೂಗುತ್ತಿತ್ತು. ಅದನ್ನು ಅಲ್ಲೇ ಬಿಟ್ಟು, ಒಂದು ಹಾಳೆ ಮತ್ತು ಪೆನ್ನು ಹಿಡಿದು ಹೊರಗೆ ಬಂದೆ.

"ಬರೆದು ಕೊಡು ಸೋಮಣ್ಣ," ಎಂದೆ. "ಯಾರಿಗೆ, ಯಾಕೆ ಅಂತ. ಕೆಳಗೆ ನಿನ್ನ ಹೆಸರು ಹಾಕು."

ಅವನು ನನ್ನ ಮುಖ ನೋಡಿದ. ಹಾಳೆ ನೋಡಿದ. ನಮ್ಮ ಮೆಟ್ಟಿಲ ಮೇಲೆ ಕೂತು, ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದನ್ನೂ ಬಿಡದೆ ಬರೆದುಕೊಟ್ಟ. ನಾನು ಕೀಲಿ ಕೊಟ್ಟೆ.

ನನ್ನ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮಹಡಿ ಹತ್ತಿ ಹೋದ. ಕೀಲಿ ಮೆಟ್ಟಿಲ ಮೇಲೇ ಉಳಿದಿತ್ತು.